ಶೇ 26 ಮತದಲ್ಲಿ ವೀಟೊ ಹೇಗೆ?

ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನಲ್ಲಿ (ಎಐಐಬಿ) ಸುಮಾರು ಶೇ 26 ಮತವಷ್ಟೇ ಇರುವ ಚೀನಾಕ್ಕೆ ವೀಟೊ ಹೇಗೆ ಬಂತು ಎಂಬ ನಿಮ್ಮ ಗೊಂದಲಕ್ಕೆ ಕಾರಣ, ಸರಳ ಬಹುಮತದ ಲೆಕ್ಕ ಹಿಡಿದಿರುವುದು. ಮೊದಲು ಸ್ಥಾಪನಾ ಒಪ್ಪಂದದ 28ನೇ ವಿಧಿ ಓದಿ. ಬಂಡವಾಳ ಹೆಚ್ಚಳ, ಅಧ್ಯಕ್ಷರ ಆಯ್ಕೆಯಂಥವಕ್ಕೆ ಗವರ್ನರ್‌ಗಳಲ್ಲಿ (ಸದಸ್ಯ ದೇಶಗಳ ಪ್ರತಿನಿಧಿಗಳು) ಮೂರನೇ ಎರಡರಷ್ಟು ಜನರ ಜೊತೆಗೆ ಒಟ್ಟು ಮತದ ಮುಕ್ಕಾಲು ಭಾಗವೂ ಬೇಕು. ಕಾಲು ಭಾಗ ಮೀರಿ ಮತ ಇರುವವರು ಒಪ್ಪದಿದ್ದರೆ ಪ್ರಸ್ತಾವ ಅಲ್ಲಿಗೇ ನಿಲ್ಲುತ್ತದೆ. ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ (ಐಎಂಎಫ್) ಶೇ 85ರ ಮಿತಿ ಇರುವ ತೀರ್ಮಾನಗಳನ್ನು ಅಮೆರಿಕ ಶೇ 16 ಚಿಲ್ಲರೆ ಮತದಿಂದ ತಡೆಯುವುದೂ ಹೀಗೆಯೇ.

ಸಾಲ ಮಂಜೂರಾತಿಯನ್ನು ಇದರೊಳಗೆ ಸೇರಿಸಬೇಡಿ. ಅದಕ್ಕೆ ಸರಳ ಬಹುಮತ ಸಾಕು, ಚೀನಾ ಒಂದೇ ತಡೆಯಲಾರದು. ಭಾರತ–ಚೀನಾ ಸೇನೆಗಳು ಎದುರುಬದುರಾದ ಡೋಕ್ಲಾಮ್ ಬಿಕ್ಕಟ್ಟಿನ ವರ್ಷವಾದ 2017ರಲ್ಲೇ ಬೆಂಗಳೂರು ಮೆಟ್ರೊದ ನಾಗವಾರ ಮಾರ್ಗಕ್ಕೆ 33.5 ಕೋಟಿ ಡಾಲರ್ ಸಾಲ ಮಂಜೂರಾಯಿತು.

ಈ ಬಗ್ಗೆ ಬರೆಯುವ ಮುನ್ನ ಈಗಿನ ಮತಪಾಲನ್ನು ಬ್ಯಾಂಕಿನ ಸದಸ್ಯರ ಪಟ್ಟಿಯಲ್ಲೇ ನೋಡಿ. ಹೊಸ ಸದಸ್ಯರು ಸೇರಿದ ಹಾಗೆಲ್ಲ ಅದು ಬದಲಾಗುತ್ತದೆ.