ದರ ಬದಲಾದರೂ ಹಳೇ ಬಿಲ್ಲು ಬದಲಾಗಬಾರದು

ಪ್ರಶ್ನೆ: ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಆಗಿದೆ, ಎಕ್ಸೆಲ್ ಚೆನ್ನಾಗಿ ಬರುತ್ತದೆ. ಅಂಗಡಿಗೆ ನಾನೇ ಸಾಫ್ಟ್‌ವೇರ್ ಮಾಡಬೇಕೆಂಬ ಆಸೆ. ಡೇಟಾಬೇಸ್ ಕಲಿಯಲು ಆಕ್ಸೆಸ್ ಹಿಡಿಯಲೋ, ಮೈಎಸ್‌ಕ್ಯೂಎಲ್ ಹಿಡಿಯಲೋ? ಅಂಗಡಿಯ ಕಂಪ್ಯೂಟರಿಗಷ್ಟೇ ಮಾಡಲೋ, ವೆಬ್‌ನಲ್ಲೇ ಮಾಡಲೋ?
– ಓದುಗರು, ಬ್ಯಾಡಗಿ

ಉತ್ತರ: ಈ ಆಯ್ಕೆಗಳನ್ನೆಲ್ಲ ಒಂದು ವಾರ ಬದಿಗಿಡಿ. ಕಳೆದ ಹಂಗಾಮಿನ ಒಂದು ಬಿಲ್ಲನ್ನೂ ಬಿಳಿ ಹಾಳೆಯನ್ನೂ ಮುಂದಿಟ್ಟುಕೊಂಡು ಕೂಡ್ರಿ. ರೈತರ ಹೆಸರು, ಊರು, ತಳಿ ಡಬ್ಬಿಯೋ ಕಡ್ಡಿಯೋ, ಚೀಲ ಎಷ್ಟು, ತೂಕ, ಕ್ವಿಂಟಲ್ ದರ, ಹಮಾಲಿ, ಖರೀದಿದಾರರು: ಎಕ್ಸೆಲ್‌ನಲ್ಲಿ ಇದೆಲ್ಲ ಒಂದೇ ಸಾಲು. ಅದೇ ರೈತರು ನಾಲ್ಕು ಸಲ ಮಾಲು ತಂದರೆ ಹೆಸರನ್ನು ನಾಲ್ಕು ಸಲ ಬರೆಯುತ್ತೀರಿ. ಒಮ್ಮೆ ಬಸವರಾಜ, ಇನ್ನೊಮ್ಮೆ ಬಸಣ್ಣ. ವರ್ಷದ ಕೊನೆಗೆ ಒಬ್ಬರ ಲೆಕ್ಕ ಇಬ್ಬರ ಹೆಸರಿನಲ್ಲಿ ನಿಂತಿರುತ್ತದೆ.

ಹಾಳೆಯ ಮೇಲೆ ರೈತರು, ಖರೀದಿದಾರರು, ತಳಿ, ಲಾಟ್ (ಒಟ್ಟಿಗೆ ಮಾರಾಟಕ್ಕಿಟ್ಟ ಚೀಲಗಳು) ಎಂದು ನಾಲ್ಕು ಟೇಬಲ್ ಗೆರೆ ಹಾಕಿ. ಪ್ರತಿ ರೈತರಿಗೆ ಒಂದು ನಂಬರು, ಅದೇ ಪ್ರೈಮರಿ ಕೀ. ಲಾಟ್ ಟೇಬಲಿನಲ್ಲಿ ಹೆಸರಿನ ಬದಲು ಆ ನಂಬರು, ಅದು ಫಾರಿನ್ ಕೀ. ಐಬಿಎಂನಲ್ಲಿದ್ದ ಇ.ಎಫ್. ಕಾಡ್ 1970ರಲ್ಲಿ ಮಂಡಿಸಿದ, ಮಾಹಿತಿಯನ್ನು ಹೀಗೆ ಟೇಬಲ್‌ಗಳಲ್ಲಿ ಇಡುವ ರಿಲೇಷನಲ್ ಮಾದರಿಯ ಮೇಲೆಯೇ ಆಕ್ಸೆಸ್ಸೂ ಮೈಎಸ್‌ಕ್ಯೂಎಲ್ಲೂ ನಿಂತಿವೆ. ಹಾಗಾಗಿ ಈ ಹಾಳೆ ಎಲ್ಲಿಗೂ ನಡೆಯುತ್ತದೆ.

ನಾನು ಎಡವಿದ್ದೊಂದು ಕಡೆ ನಿಮ್ಮನ್ನು ಎಚ್ಚರಿಸಬೇಕು. ಹುಬ್ಬಳ್ಳಿಯ ಬೀಜ–ಗೊಬ್ಬರದ ಅಂಗಡಿಯೊಂದಕ್ಕೆ ಪ್ರೋಗ್ರಾಂ ಬರೆದಾಗ ಬೆಲೆಯನ್ನು ಮಾಲಿನ ಟೇಬಲಿನಲ್ಲಷ್ಟೇ ಇಟ್ಟಿದ್ದೆ. ಬೆಲೆ ಏರಿದ ದಿನ ಅಂಗಡಿಯವರು ಅದನ್ನು ತಿದ್ದಿದರು. ಮರುದಿನ ಹಳೇ ಉದ್ರಿ ಬಿಲ್ಲುಗಳೆಲ್ಲ ಹೊಸ ಬೆಲೆಯಲ್ಲಿ ಅಚ್ಚಾದವು. ‘ನಾ ತಗೊಂಡಾಗ ಈ ರೇಟ್ ಇರಲಿಲ್ಲರೀ’ ಎಂದು ರೈತರೊಬ್ಬರು ಹಳೇ ಚೀಟಿ ತೋರಿಸಿದಾಗಲೇ ನನಗೆ ತಪ್ಪು ಕಂಡದ್ದು. ನಿಮ್ಮಲ್ಲಿ ಲಾಟ್ ಲಾಟಿಗೂ ದರ ಬೇರೆ, ಅಲ್ಲಿ ನೀವು ಮೋಸ ಹೋಗುವುದಿಲ್ಲ. ಹಮಾಲಿಯಲ್ಲಿ ಹೋಗುತ್ತೀರಿ. ಚೀಲಕ್ಕೆ ಇಷ್ಟು ಎಂಬ ಇಂದಿನ ದರ ಒಂದು ಕಡೆ ಇರಲಿ. ಬಿಲ್ಲು ಹರಿದ ಕ್ಷಣ ಅದರ ನಕಲು ಲಾಟಿನ ಸಾಲಿನಲ್ಲೇ ಕೂಡ್ರಬೇಕು. ಎರಡು ಕಡೆ ಬರೆದಂತೆ ಕಂಡರೂ ಅವು ಒಂದೇ ಮಾತಲ್ಲ: ಒಂದು ಇಂದಿನ ದರ, ಇನ್ನೊಂದು ಅಂದಿನ ದರ.

ದುಡ್ಡನ್ನು ಫ್ಲೋಟ್‌ನಲ್ಲಿ, ಅಂದರೆ ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯೆಯ ಬಗೆಯಲ್ಲಿ, ಇಡಬೇಡಿ. 0.10 ಎಂಬುದು ಕಂಪ್ಯೂಟರಿನ 0–1ರ ಲೆಕ್ಕವಾದ ಬೈನರಿಯಲ್ಲಿ ಪೂರ್ತಿ ಕೂಡ್ರುವುದಿಲ್ಲ, ಮೊತ್ತದಲ್ಲಿ ಪೈಸೆ ಜಾರುತ್ತವೆ. ಪೈಸೆಯನ್ನೇ ಪೂರ್ಣಾಂಕವಾಗಿ ಇಡಿ, ತೂಕವನ್ನು ಗ್ರಾಮಿನಲ್ಲಿ.

ಹಳೇ ರೈತರ ಪಟ್ಟಿಯನ್ನು ಕನ್ನಡ ಟೈಪಿಂಗ್ ತಂತ್ರಾಂಶ ‘ನುಡಿ’ಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಮೊದಲು ಯೂನಿಕೋಡ್‌ಗೆ ತಿರುಗಿಸಿ. ಪರದೆಯ ಮೇಲೆ ಕನ್ನಡ ಕಂಡರೂ ಫೈಲಿನ ಒಳಗೆ ಬೇರೆಯೇ ಸಂಕೇತಗಳಿರುತ್ತವೆ. ಹೆಸರು ಹುಡುಕಿದರೆ ಸಿಗದು, ಅಕಾರಾದಿಯೂ ಆಗದು.

ಈಗ ನಿಮ್ಮ ಪ್ರಶ್ನೆ. ನಾನಾದರೆ ಎಸ್‌ಕ್ಯೂಲೈಟ್‌ನಿಂದ ಶುರು ಮಾಡಿಸುತ್ತೇನೆ. ಕಾಸು ಬೇಡ, ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದು ಫೈಲು. ಆದರೆ ಅದರಲ್ಲಿ ಫಾರಿನ್ ಕೀ ತಪಾಸಣೆ (ಲಾಟಿನಲ್ಲಿ ಬರೆದ ನಂಬರಿನ ರೈತರು ಪಟ್ಟಿಯಲ್ಲಿ ಇದ್ದಾರೆಯೇ ಎಂದು ನೋಡುವುದು) ಸಾಮಾನ್ಯವಾಗಿ ಆಫ್ ಇರುತ್ತದೆ. ಪ್ರತಿ ಸಲ ಡೇಟಾಬೇಸಿಗೆ ಕನೆಕ್ಷನ್ ತೆರೆದೊಡನೆ ಆನ್ ಮಾಡಬೇಕು. ಆಕ್ಸೆಸ್ ಕೆಟ್ಟದ್ದಲ್ಲ, ಆದರೆ ವಿಂಡೋಸ್ ಬಿಟ್ಟು ಆಚೆ ಬರದು, ಫೈಲು 2 ಜಿಬಿ ದಾಟದು. ಸಾಹುಕಾರರು ಮನೆಯಿಂದಲೇ ನೋಡಬೇಕು, ಟೆಂಡರ್ ದಿನ ಮೂವರು ಒಟ್ಟಿಗೆ ಬರೆಯಬೇಕು ಎಂದಾಗ ವೆಬ್‌ಗೆ ಬನ್ನಿ, ಮೈಎಸ್‌ಕ್ಯೂಎಲ್‌ನಂತೆಯೇ ಸರ್ವರ್ ಮೇಲೆ ನಡೆಯುವ ಪೋಸ್ಟ್‌ಗ್ರೆಸ್ ಹಾಕಿ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಹೊತ್ತಿಗೆ ಒಬ್ಬರೇ ಬರೆಯಬಹುದು. ವೆಬ್‌ಗೆ ಬಂದ ಮೇಲೆ ಟೈಪ್ ಮಾಡುವವರು ಯಾರೆಂದು ಗೊತ್ತಿರುವುದಿಲ್ಲ. ಅವರು ಬರೆದದ್ದೇ ಆಜ್ಞೆಯಾಗಿ ನಡೆಯದಂತೆ, ಅದನ್ನು ಕ್ವೆರಿಯೊಳಗೆ (ಡೇಟಾಬೇಸಿಗೆ ಕೊಡುವ ಆಜ್ಞೆ) ನೇರ ಅಂಟಿಸದೆ ಬೇರೆಯಾಗಿ, ಪ್ಯಾರಾಮೀಟರ್ ಆಗಿಯೇ ಕಳಿಸಿ.

ಬಿಲ್ಲು ಬರೆಯುವುದು, ರೈತರ ಖಾತೆಗೆ ಜಮಾ ಮಾಡುವುದು ಒಂದೇ ಟ್ರಾನ್ಸಾಕ್ಷನ್‌ನಲ್ಲಿ, ಅಂದರೆ ಆದರೆ ಎರಡೂ ಇಲ್ಲವೇ ಒಂದೂ ಇಲ್ಲ ಎಂಬಂತೆ, ಆಗಲಿ. ನಡುವೆ ಕರೆಂಟ್ ಹೋದರೆ ಎರಡೂ ಇರಬಾರದು. ಮೊದಲ ಹಂಗಾಮು ಪೂರ್ತಿ ಕೈಬರಹದ ಕಿರ್ದಿಯನ್ನೂ ಬಿಡದೆ ಬರೆಯಿರಿ. ಸಂಜೆ ಎರಡರ ಮೊತ್ತ ತಾಳೆ ನೋಡಿ, ಆ ದಿನದ ಬ್ಯಾಕಪ್ ಪೆನ್‌ಡ್ರೈವ್‌ಗೆ ಹಾಕಿಕೊಂಡೇ ಅಂಗಡಿ ಬಾಗಿಲು ಹಾಕಿ.