ಪಂಚಮಿಗೋ ದೀಪಾವಳಿಗೋ: ಕೂಸಿನೊಡನೆ ಗದಗಕ್ಕೆ ಹೊರಟ ತಂಗಿಗೆ

ತಂಗಿ, ಎಪ್ರಿಲ್ ಮೊದಲ ವಾರ ಹುಟ್ಟಿದ ನಿಮ್ಮ ಕೂಸನ್ನು ಕರೆದುಕೊಂಡು ನಾಗರಪಂಚಮಿಗೆ ಗದಗಿನ ತವರಿಗೆ ಹೋಗಬಹುದೇ, ಅಷ್ಟು ದೂರದ ವಿಮಾನದಲ್ಲಿ ಕೂಸು ಅಳಲು ಹತ್ತಿದರೆ ಏನು ಮಾಡಬೇಕು ಎಂದು ಕೇಳಿದ್ದೀರಿ. ನೀವು ಗ್ರೀನ್ ಕಾರ್ಡ್ ಮೇಲೆ ನ್ಯೂಜೆರ್ಸಿಗೆ ಬಂದು ಇನ್ನೂ ವರ್ಷ ತುಂಬಿಲ್ಲವೆಂದೂ, ಅಮೆರಿಕದ ಪೌರರಾಗಿರುವ ನಿಮ್ಮ ಮನೆಯವರಿಗೆ ಮೂರೇ ವಾರ ರಜೆ ಸಿಗುವುದರಿಂದ ಅವರು ಮೊದಲು ಮರಳಿ, ನೀವು ಮೂರು ತಿಂಗಳು ಅಲ್ಲಿಯೇ ಉಳಿಯುವ ವಿಚಾರವಿದೆಯೆಂದೂ ಬರೆದಿದ್ದೀರಿ. ಧಾರವಾಡದಿಂದ ಬಂದು ಇಲ್ಲಿ ನೆಲೆಸಿ, ಹೆತ್ತ ಮಕ್ಕಳಿಬ್ಬರನ್ನೂ ಎಳೆಗೂಸುಗಳಾಗಿದ್ದಾಗಲೇ ಊರಿಗೆ ಕರೆದೊಯ್ದವಳಾಗಿ ಹೇಳುತ್ತೇನೆ: ಖಂಡಿತ ಹೋಗಿ, ಆದರೆ ಪಂಚಮಿಗೆ ಬೇಡ. ದಸರೆ ಮುಗಿದ ಮೇಲೆ, ದೀಪಾವಳಿಯನ್ನು ಊರಿನಲ್ಲಿ ಮಾಡುವಂತೆ ಹೊರಡಿ.

ಪಂಚಮಿಗೆ ತವರಿಗೆ ಹೋಗುವುದೆಂದರೆ ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಏನೆಂಬುದನ್ನು ನನಗೆ ಯಾರೂ ಹೇಳಬೇಕಾಗಿಲ್ಲ. ಆದರೂ ಉಂಡಿಯನ್ನೂ ಜೋಕಾಲಿಯನ್ನೂ ಈ ಒಂದು ವರ್ಷ ಬಿಡಿ ಎನ್ನುವುದಕ್ಕೆ ಮೊದಲ ಕಾರಣ ಕಾಗದಪತ್ರಗಳದು. ಹದಿನಾರು ವರ್ಷದೊಳಗಿನ ಮಗುವಿನ ಅಮೆರಿಕದ ಪಾಸ್‌ಪೋರ್ಟಿಗೆ ತಂದೆತಾಯಿ ಇಬ್ಬರೂ ಮಗುವಿನೊಡನೆ ಖುದ್ದಾಗಿ ಹಾಜರಾಗಬೇಕು. ಒಬ್ಬರಿಗೆ ಆಗದಿದ್ದರೆ ಡಿಎಸ್-3053 ಎಂಬ ಸಮ್ಮತಿಪತ್ರವನ್ನು ನೋಟರಿಯ ಮುಂದೆ ಸಹಿ ಮಾಡಿ ಕೊಡಬೇಕು. ಆ ಪಾಸ್‌ಪೋರ್ಟು ಐದು ವರ್ಷಕ್ಕೆ ಮಾತ್ರ ಸಿಗುತ್ತದೆ. ಅದು ಕೈಗೆ ಬಂದ ಮೇಲೆಯೇ ಭಾರತದ ಪ್ರವೇಶಕ್ಕೆ ಅರ್ಜಿ ಹಾಕಲು ಬರುತ್ತದೆ. ಅದರಲ್ಲಿ ಎರಡು ದಾರಿಗಳಿವೆ. ಇ-ವೀಸಾ ಕೆಲವೇ ದಿನಗಳಲ್ಲಿ ಬರುತ್ತದೆ. ಭಾರತೀಯ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡಿಗೆ ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಕಾಯಬೇಕಾಗುತ್ತದೆ. ಅವಸರದವರು ಇ-ವೀಸಾ ಮಾಡಿಸಿಕೊಂಡು ಹೋಗುತ್ತಾರೆ, ಅದು ತಪ್ಪೇನಲ್ಲ. ಆದರೆ ಜೀವನಪರ್ಯಂತ ನಡೆಯುವ, ಎಷ್ಟು ದಿನ ಉಳಿದರೂ ವಿದೇಶಿಯರ ನೋಂದಣಿಯ ಗೊಡವೆಯಿಲ್ಲದ ಓಸಿಐಯನ್ನು ಮೊದಲ ಸಲವೇ ಮಾಡಿಸುವುದು ಮೇಲು ಎಂಬುದು ನನ್ನ ಅಭಿಪ್ರಾಯ. ನಿಮ್ಮ ಮನೆಯವರ ಓಸಿಐ ಎಲ್ಲಿದೆ ಎಂಬುದನ್ನೂ ಈಗಲೇ ಹುಡುಕಿಸಿ. ಗಂಡಸರ ಕಾಗದಗಳು ಹೊರಡುವ ಹಿಂದಿನ ರಾತ್ರಿಯೇ ಕಾಣೆಯಾಗುತ್ತವೆ.

ಎರಡನೆಯ ಕಾರಣ ಲಸಿಕೆ. ದಡಾರಕ್ಕೆ ರಕ್ಷಣೆ ಕೊಡುವ ಎಂಎಂಆರ್ ಚುಚ್ಚುಮದ್ದನ್ನು ಅಮೆರಿಕದಲ್ಲಿ ಸಾಮಾನ್ಯವಾಗಿ ವರ್ಷ ತುಂಬಿದ ಮೇಲೆ ಕೊಡುತ್ತಾರೆ. ಹೊರದೇಶಕ್ಕೆ ಹೋಗುವ ಕೂಸಿಗೆ ಮಾತ್ರ 6ರಿಂದ 11 ತಿಂಗಳ ನಡುವೆ ಒಂದು ಡೋಸನ್ನು ಮುಂಚಿತವಾಗಿ ಕೊಡಬೇಕೆಂದು ಇಲ್ಲಿಯ ಆರೋಗ್ಯ ಸಂಸ್ಥೆಯಾದ ಸಿಡಿಸಿ ಹೇಳುತ್ತದೆ. ವರ್ಷ ತುಂಬಿದ ಮೇಲಿನ ಎರಡು ಡೋಸುಗಳು ಆಮೇಲೂ ಬೇಕೇ ಬೇಕು. ಪಂಚಮಿಯ ಹೊತ್ತಿಗೆ ನಿಮ್ಮ ಕೂಸಿಗೆ ನಾಲ್ಕೇ ತಿಂಗಳು, ಆ ಡೋಸಿಗೆ ವಯಸ್ಸಾಗಿರುವುದಿಲ್ಲ. ಅಕ್ಟೋಬರ್ ಮೊದಲ ವಾರ ಆರು ತಿಂಗಳು ತುಂಬಿದ ಕೂಡಲೇ ಹಾಕಿಸಿ, ಅದು ಮೈಗೆ ಹತ್ತಲು ಎರಡು ವಾರ ಬಿಟ್ಟು ಹೊರಟರೆ ಲೆಕ್ಕ ಸರಿಹೋಗುತ್ತದೆ. ಹೆಪಟೈಟಿಸ್-ಎ ಲಸಿಕೆಯನ್ನೂ ಪ್ರಯಾಣಕ್ಕಾಗಿ ಆರು ತಿಂಗಳಿನಿಂದಲೇ ಕೊಡಬಹುದಾದ್ದರಿಂದ ಮಕ್ಕಳ ವೈದ್ಯರನ್ನು ಅದೇ ಭೇಟಿಯಲ್ಲಿ ಕೇಳಿ. ಇನ್ನು ಆಗಸ್ಟಿನಲ್ಲಿ ಶಾಲೆಗಳ ರಜೆಯಿಂದಾಗಿ ಇಲ್ಲಿಂದ ಟಿಕೆಟ್ ದುಬಾರಿ, ಅಲ್ಲಿ ಜಿಟಿಜಿಟಿ ಮಳೆ, ಸೊಳ್ಳೆ.

ಈಗ ದಾರಿಯ ಮಾತು. ನ್ಯೂಯಾರ್ಕ್ ಭಾಗದಿಂದ ಮುಂಬಯಿಗೂ ದಿಲ್ಲಿಗೂ ನೇರ ವಿಮಾನಗಳಿವೆ, ಬೆಂಗಳೂರಿಗಿಲ್ಲ. ಹದಿನಾಲ್ಕು ಹದಿನೈದು ಗಂಟೆ ಒಂದೇ ಸಮನೆ ಕುಳಿತಿರುವುದಕ್ಕಿಂತ, ಯುರೋಪಿನಲ್ಲಿ ಒಮ್ಮೆ ಇಳಿದು ಬೆಂಗಳೂರಿಗೆ ಹೋಗುವ ದಾರಿಯೇ ಕೂಸಿರುವವರಿಗೆ ಒಳ್ಳೆಯದೆಂದು ನಾನು ಹೇಳುತ್ತೇನೆ. ಏಕೆಂದರೆ ಏಳೆಂಟು ಗಂಟೆಯ ಒಂದು ಹಾರಾಟ, ಒಂಬತ್ತು ಗಂಟೆಯ ಇನ್ನೊಂದು, ಹೀಗೆ ಪ್ರಯಾಣ ಹೆಚ್ಚುಕಡಿಮೆ ಸಮನಾಗಿ ಒಡೆಯುತ್ತದೆ. ನಡುವೆ ಮೂರು ನಾಲ್ಕು ಗಂಟೆ ಬಿಡುವಿರಲಿ. ಒಂದೂವರೆ ಗಂಟೆಯ ಬಿಡುವಿನಲ್ಲಿ ಕೂಸು, ತಳ್ಳುಗಾಡಿ, ಮತ್ತೊಮ್ಮೆ ಭದ್ರತಾ ತಪಾಸಣೆ, ಇಷ್ಟನ್ನೂ ಮುಗಿಸಿ ಓಡುವುದು ಯಾರಿಗೂ ಬೇಡ.

ಎರಡು ವರ್ಷದೊಳಗಿನ ಕೂಸು ತೊಡೆಯ ಮೇಲೆ ಕೂರುವುದಾದರೆ ಅಂತರರಾಷ್ಟ್ರೀಯ ವಿಮಾನಗಳಲ್ಲಿ ಸಾಮಾನ್ಯವಾಗಿ ದೊಡ್ಡವರ ದರದ ಶೇ. 10ರಷ್ಟು, ಜೊತೆಗೆ ತೆರಿಗೆ ಕೊಡಬೇಕಾಗುತ್ತದೆ. ಟಿಕೆಟ್ ತೆಗೆದ ದಿನವೇ ವಿಮಾನ ಕಂಪನಿಗೆ ಫೋನ್ ಮಾಡಿ ಬ್ಯಾಸಿನೆಟ್ ಕೇಳಿ. ಮುಂದಿನ ಗೋಡೆಗೆ ಸಿಕ್ಕಿಸುವ ಈ ಪುಟ್ಟ ತೊಟ್ಟಿಲುಗಳು ಒಂದು ವಿಮಾನದಲ್ಲಿ ಕೆಲವೇ ಇರುತ್ತವೆ. ಹೆಚ್ಚಿನ ಕಂಪನಿಗಳಲ್ಲಿ ಅದು ತಾಳುವ ತೂಕ ಹತ್ತು ಹನ್ನೊಂದು ಕಿಲೊ, ಆದ್ದರಿಂದ ಆರೇಳು ತಿಂಗಳ ಕೂಸಿಗೆ ಚಿಂತೆಯಿಲ್ಲ. ಆದರೆ ವಿಮಾನ ಕುಲುಕಾಡಿ ಸೀಟುಬೆಲ್ಟಿನ ದೀಪ ಹತ್ತಿದಾಗಲೆಲ್ಲ ಮಲಗಿದ ಕೂಸನ್ನು ಎತ್ತಿಕೊಳ್ಳಲು ಹೇಳುತ್ತಾರೆ. ಆ ಸಾಲಿನಲ್ಲಿ ಕಾಲಬಳಿ ಚೀಲ ಇಡಲೂ ಬಿಡುವುದಿಲ್ಲ. ಹಾಗಾಗಿ ಹಾಲಿನ ಬಾಟಲಿ, ಎರಡು ಡೈಪರ್, ಒರೆಸುವ ಬಟ್ಟೆ, ಕೂಸಿನ ಒಂದು ಜೊತೆ ಅಂಗಿ ಹಿಡಿಯುವ ಸಣ್ಣ ಕೈಚೀಲವೊಂದನ್ನು ಬೇರೆ ಮಾಡಿ. ನಿಮಗೂ ಒಂದು ಜೊತೆ ಬಟ್ಟೆ ಇರಲಿ, ಕೂಸು ಕಕ್ಕುವುದು ತಾಯಿಯ ಮೈಮೇಲೆಯೇ.

ಏರುವಾಗ, ಅದಕ್ಕಿಂತ ಮುಖ್ಯವಾಗಿ ಇಳಿಯುವಾಗ, ಒಳಗಿನ ಗಾಳಿಯ ಒತ್ತಡ ಬದಲಾಗಿ ಕೂಸಿನ ಕಿವಿ ನೋಯುತ್ತದೆ. ಕೂಸು ಹಾಲು ನುಂಗುತ್ತಿದ್ದರೆ ಗಂಟಲಿನಿಂದ ಕಿವಿಗೆ ಹೋಗುವ ನಾಳ ತೆರೆದು ಒತ್ತಡ ಸಮವಾಗುತ್ತದೆ. ನೆಲ ಮುಟ್ಟುವ ಅರ್ಧ ಗಂಟೆ ಮೊದಲೇ ವಿಮಾನ ಇಳಿಯಲು ಆರಂಭಿಸಿರುತ್ತದೆ, ಹಾಲು ಕುಡಿಸುವುದು ಆಗ. ಅದಕ್ಕೂ ತುಸು ಮೊದಲು ಹೊಟ್ಟೆ ತುಂಬಿಸಿಬಿಟ್ಟರೆ ಬೇಕಾದಾಗ ಕೂಸು ಬಾಯಿ ತೆರೆಯುವುದಿಲ್ಲ. ಎದೆಹಾಲಿಗೂ ಫಾರ್ಮುಲಾ ಹಾಲಿಗೂ ಅಮೆರಿಕದ ತಪಾಸಣೆಯಲ್ಲಿ 100 ಮಿ.ಲೀ. ಮಿತಿ ಅನ್ವಯಿಸುವುದಿಲ್ಲ, ಕೈಚೀಲದಿಂದ ಹೊರತೆಗೆದು ಅಧಿಕಾರಿಗೆ ಮೊದಲೇ ತಿಳಿಸಿದರೆ ಸಾಕು. ನಿದ್ದೆ ಬರಲೆಂದು ಅಲರ್ಜಿಯ ಔಷಧಿಯನ್ನು ನಾಲ್ಕು ಹನಿ ಹಾಕಿ ಎಂದು ಹೇಳುವವರು ನಿಮಗೆ ಸಿಕ್ಕೇ ಸಿಗುತ್ತಾರೆ. ಹಾಕಬೇಡಿ. ಅಷ್ಟು ಎಳೆಯ ಕೂಸಿಗೆ ಅದು ಅಪಾಯಕಾರಿ, ಕೆಲವು ಮಕ್ಕಳಲ್ಲಿ ನಿದ್ದೆಯ ಬದಲು ಇನ್ನಷ್ಟು ಚಡಪಡಿಕೆಯನ್ನೇ ಹುಟ್ಟಿಸುತ್ತದೆ. ಇಷ್ಟೆಲ್ಲ ಮಾಡಿದರೂ ಕೂಸು ಅತ್ತರೆ ಎತ್ತಿಕೊಂಡು ಓಣಿಯಲ್ಲಿ ಅಡ್ಡಾಡಿ. ಪಕ್ಕದವರು ಮುಖ ಸಿಂಡರಿಸಿದರೆ ಸಿಂಡರಿಸಲಿ, ಅವರೂ ಒಂದು ಕಾಲಕ್ಕೆ ಅತ್ತವರೇ.

ವಿಮಾನದ ಬಗ್ಗೆ ಇಷ್ಟು ಚಿಂತಿಸುವ ನಮ್ಮ ಜನ ದೇವನಹಳ್ಳಿಯಿಂದ ಮುಂದಿನ ದಾರಿಯ ಬಗ್ಗೆ ಏನೂ ವಿಚಾರ ಮಾಡಿರುವುದಿಲ್ಲ; ನನ್ನ ಮಟ್ಟಿಗೆ ಇಡೀ ಪ್ರಯಾಣದಲ್ಲಿ ಕಠಿಣವಾದದ್ದು ಅದೇ. ಯುರೋಪಿನಿಂದ ಬರುವ ಹಲವು ವಿಮಾನಗಳು ಬೆಂಗಳೂರಿನಲ್ಲಿ ನಡುರಾತ್ರಿಯ ಮೇಲೆ ಇಳಿಯುತ್ತವೆ. ಅಲ್ಲಿಂದ ಹುಬ್ಬಳ್ಳಿಗೆ ನಾಲ್ಕು ನೂರು ಕಿಲೊಮೀಟರಿಗೂ ಹೆಚ್ಚು, ಗದಗಕ್ಕೆ ಮತ್ತೆ ಅರವತ್ತು. ಮಾವನವರು ಪ್ರೀತಿಯಿಂದ ಕಾರು ಕಳಿಸುತ್ತೇವೆ ಎನ್ನುತ್ತಾರೆ; ಇಡೀ ರಾತ್ರಿ ನಿದ್ದೆಗೆಟ್ಟ ಡ್ರೈವರ್, ತೊಡೆಯ ಮೇಲೆ ಕೂಸು, ಹೆದ್ದಾರಿಯ ಲಾರಿಗಳು. ಇದನ್ನು ಮಾತ್ರ ಒಪ್ಪಬೇಡಿ. ಆ ರಾತ್ರಿ ಬೆಂಗಳೂರಿನಲ್ಲಿಯೇ ಉಳಿದು, ಮರುದಿನ ವಿಶ್ರಾಂತಿ ತೆಗೆದುಕೊಂಡು ಮುಂದೆ ಹೊರಡಿ. 2023ರ ಜೂನ್‌ನಿಂದ ಓಡುತ್ತಿರುವ ಧಾರವಾಡದ ವಂದೇ ಭಾರತ್ ರೈಲು ಬೆಳಿಗ್ಗೆ ಆರರೊಳಗೆ ಬೆಂಗಳೂರು ಬಿಟ್ಟು ಮಧ್ಯಾಹ್ನದೊಳಗೆ ಹುಬ್ಬಳ್ಳಿ ಮುಟ್ಟಿಸುತ್ತದೆ, ಯಶವಂತಪುರದಲ್ಲಿಯೂ ನಿಲ್ಲುತ್ತದೆ. ಎದ್ದು ಅಡ್ಡಾಡಲು ಜಾಗವಿರುವುದರಿಂದ ಕೂಸಿಗೆ ಇದಕ್ಕಿಂತ ಒಳ್ಳೆಯ ವಾಹನವಿಲ್ಲ. ಬೆಂಗಳೂರಿನಿಂದ ಹುಬ್ಬಳ್ಳಿಗೆ ವಿಮಾನವೂ ಇದೆ, ತಾಸೊಂದರ ದಾರಿ. ಆದರೆ ಆ ಟಿಕೆಟನ್ನು ಪ್ರತ್ಯೇಕವಾಗಿ ತೆಗೆದಿದ್ದರೆ ಅಮೆರಿಕದಿಂದ ತಂದ 23 ಕಿಲೊದ ಪೆಟ್ಟಿಗೆಗಳಿಗೆ ದೇಶದೊಳಗಿನ 15 ಕಿಲೊದ ಮಿತಿ ಅನ್ವಯಿಸಿ, ಹೆಚ್ಚುವರಿ ತೂಕಕ್ಕೆ ಕಿಲೊ ಲೆಕ್ಕದಲ್ಲಿ ದುಡ್ಡು ಕೊಡಬೇಕಾಗುತ್ತದೆ, ಟರ್ಮಿನಲ್ ಬದಲಿಸಬೇಕಾಗಿಯೂ ಬರಬಹುದು. ಅಂದಹಾಗೆ ಆ ಪೆಟ್ಟಿಗೆಗಳಲ್ಲಿ ಮೂರು ತಿಂಗಳ ಡೈಪರ್ ತುಂಬಬೇಡಿ. ಗದಗಿನ ಔಷಧಿ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತವೆ. ಅದರ ಬದಲು ಕಾರ್ ಸೀಟನ್ನು ಒಯ್ಯಿರಿ. ಬಹಳಷ್ಟು ಕಂಪನಿಗಳು ಅದಕ್ಕೆ ಶುಲ್ಕ ಹಾಕುವುದಿಲ್ಲ, ಹುಬ್ಬಳ್ಳಿಯಿಂದ ಗದಗಿಗೆ ಕಾರಿನಲ್ಲಿ ಹೋಗುವಾಗ ಅದು ಬೇಕಾಗುತ್ತದೆ.

ಮನೆ ಮುಟ್ಟಿದ ಮೇಲೆ ಮೊದಲ ಒಂದು ವಾರ ಕೂಸು ರಾತ್ರಿ ಎರಡಕ್ಕೆ ಎದ್ದು ಆಡುತ್ತದೆ. ನವೆಂಬರ್ ಮೊದಲ ಭಾನುವಾರ ಇಲ್ಲಿಯ ಗಡಿಯಾರ ಹಿಂದೆ ಸರಿಯುವವರೆಗೆ ಎರಡೂ ಕಡೆಯ ಅಂತರ ಒಂಬತ್ತೂವರೆ ಗಂಟೆ, ಆಮೇಲೆ ಹತ್ತೂವರೆ, ಎಂದರೆ ಹಗಲಿಗೆ ರಾತ್ರಿ ಅದಲುಬದಲು. ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕೂರಿಸಿ, ಹಗಲಿನ ನಿದ್ದೆ ತೀರ ಉದ್ದವಾಗಲು ಬಿಡಬೇಡಿ. ಕೂಸನ್ನು ನೋಡಲು ಬರುವ ಬಂಧುಬಳಗವನ್ನು ನಾಲ್ಕು ದಿನ ತಡೆದು ಕರೆಯುವಂತೆ ಅವ್ವನಿಗೆ ಮೊದಲೇ ಹೇಳಿಡಿ. ಬಾಯಿಗೆ ಜೇನುತುಪ್ಪ ನೆಕ್ಕಿಸಲು ಯಾರಾದರೂ ಬಂದರೆ ವರ್ಷ ತುಂಬುವವರೆಗೆ ಬೇಡವೆಂದು ವೈದ್ಯರು ಹೇಳಿದ್ದಾರೆ ಎನ್ನಿ. ಅದು ನಿಜವೂ ಹೌದು. ಜೇನಿನಲ್ಲಿರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಎಳೆಗೂಸುಗಳಿಗೆ ಬಾಟುಲಿಸಂ ಎಂಬ ಗಂಭೀರ ಕಾಯಿಲೆ ಬರುತ್ತದೆ.

ಮರಳುವಾಗ ನೀವು ಒಬ್ಬರೇ ಕೂಸಿನೊಡನೆ ಬರುವುದರಿಂದ, ತಾಯಿಯೊಡನೆ ಪ್ರಯಾಣ ಮಾಡಲು ನನ್ನ ಒಪ್ಪಿಗೆಯಿದೆ ಎಂದು ನಿಮ್ಮ ಮನೆಯವರು ಬರೆದ ಪತ್ರವನ್ನು ಇಲ್ಲಿಂದ ಹೊರಡುವ ಮೊದಲೇ ನೋಟರಿ ಮಾಡಿಸಿಕೊಂಡು, ಜನ್ಮಪತ್ರದ ಪ್ರತಿಯೊಡನೆ ಇಟ್ಟುಕೊಳ್ಳಿ. ಅದನ್ನು ಯಾರೂ ಕೇಳದೆಯೇ ಇರಬಹುದು, ಆದರೆ ಕೇಳಿದಾಗ ಅಲ್ಲಿ ನಿಂತು ಮಾಡಿಸಲು ಆಗುವುದಿಲ್ಲ. ಗ್ರೀನ್ ಕಾರ್ಡಿನವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಮರಳಿ ಬರುವಾಗ ಪ್ರಶ್ನೆಗಳು ಏಳುತ್ತವೆ. ನಿಮ್ಮದು ಮೂರೇ ತಿಂಗಳಾದ್ದರಿಂದ ತೊಂದರೆಯಿಲ್ಲ, ಅವ್ವ ಎಷ್ಟೇ ಒತ್ತಾಯ ಮಾಡಿದರೂ ಯುಗಾದಿಯವರೆಗೆ ಮುಂದೂಡದಿದ್ದರೆ ಸರಿ. ಪಾಸ್‌ಪೋರ್ಟಿನ ಅರ್ಜಿಗೆ ಈ ವಾರವೇ ಸಮಯ ಗೊತ್ತು ಮಾಡಿಕೊಳ್ಳಿ.