ವಿಜಯಪುರದ ಬಿಸಿಲಿನಲ್ಲಿ ಮನೆಯೊಳಗಿನ ಆಂಥೂರಿಯಂ ಹೂ ಬಿಡಬೇಕಾದರೆ ಏನು ಮಾಡಬೇಕು?

ಬೆಳಗಾವಿಯಿಂದ ತಂದ ಆಂಥೂರಿಯಂ ಗಿಡ ವಿಜಯಪುರದ ನಿಮ್ಮ ಮನೆಯಲ್ಲಿ ಎಂಟು ತಿಂಗಳಾದರೂ ಹೊಸ ಹೂ ಬಿಟ್ಟಿಲ್ಲ, ಎಲೆಗಳ ತುದಿ ಕಂದಾಗಿ ಒಣಗುತ್ತಿದೆ, ಇದಕ್ಕೆ ಯಾವ ಗೊಬ್ಬರ ಹಾಕಬೇಕು ಎಂದು ಕೇಳಿದ್ದೀರಿ. ಹೊಲದ ಎರೆಮಣ್ಣಿನಲ್ಲಿ ನೆಟ್ಟು ದಿನಾಲೂ ಕೊಳವೆಬಾವಿಯ ನೀರು ಹಾಕುತ್ತಿರುವುದಾಗಿಯೂ ಬರೆದಿದ್ದೀರಿ. ನಾನೂ ಇದೇ ಊರಿನವಳು, ಒಂಬತ್ತು ವರ್ಷಗಳಿಂದ ಪಡಸಾಲೆಯ ಕಿಟಕಿಯ ಬಳಿ ಈ ಗಿಡಗಳನ್ನು ಬೆಳೆಸುತ್ತಿದ್ದೇನೆ. ಗೊಬ್ಬರದ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ನಿಮ್ಮ ಗಿಡಕ್ಕೆ ತೊಂದರೆಯಾಗಿರುವುದು ಮಣ್ಣು ಮತ್ತು ನೀರಿನಿಂದ.

ಆಂಥೂರಿಯಂ ಮೂಲತಃ ದಕ್ಷಿಣ ಅಮೆರಿಕದ ಕೊಲಂಬಿಯಾ ಮತ್ತು ಈಕ್ವೆಡಾರ್ ದೇಶಗಳ ಮಳೆಕಾಡಿನ ಸಸ್ಯ. ಅಲ್ಲಿ ಅದು ಬಹುಮಟ್ಟಿಗೆ ಮರಗಳ ಕಾಂಡಕ್ಕೆ ಅಂಟಿಕೊಂಡು, ಗಾಳಿಯಾಡುವ ಪಾಚಿ ಮತ್ತು ಕೊಳೆತ ಎಲೆಗಳ ನಡುವೆ ಬೇರು ಬಿಟ್ಟು, ಮಳೆಯ ನೀರನ್ನು ಕುಡಿದು ಬದುಕುತ್ತದೆ. ನಮ್ಮ ಎರೆಮಣ್ಣು ಬಿಳಿಜೋಳಕ್ಕೆ, ಕಡಲೆಗೆ ಬಂಗಾರದಂಥದ್ದು; ಏಕೆಂದರೆ ಅದು ಹಿಂಗಾರಿನ ತೇವವನ್ನು ತಿಂಗಳುಗಟ್ಟಲೆ ಹಿಡಿದಿಡುತ್ತದೆ. ಆದರೆ ಕುಂಡದಲ್ಲಿ ಅದೇ ಗುಣ ಈ ಗಿಡದ ದಪ್ಪ ಬೇರುಗಳಿಗೆ ಉಸಿರು ಕಟ್ಟಿಸುತ್ತದೆ, ಬೇರು ಒಳಗೊಳಗೇ ಕೊಳೆಯುತ್ತದೆ. ನನ್ನ ಮೊದಲ ಗಿಡ ಹೀಗೆಯೇ ಸತ್ತಿತು. ಎಲೆ ಬಾಡಿದಾಗ ನೀರು ಸಾಲದೆಂದು ಭಾವಿಸಿ ಇನ್ನಷ್ಟು ನೀರು ಹಾಕಿದ್ದೆ, ಕಿತ್ತು ನೋಡಿದಾಗ ಬೇರುಗಳೆಲ್ಲ ಕಪ್ಪಾಗಿ ಮೆತ್ತಗಾಗಿದ್ದವು.

ಹಾಗಾಗಿ ಮೊದಲು ಗಿಡವನ್ನು ಎರೆಮಣ್ಣಿನಿಂದ ಬಿಡಿಸಿ, ಬೇರುಗಳನ್ನು ಮೆಲ್ಲಗೆ ತೊಳೆದು, ಕೊಳೆತ ಭಾಗವನ್ನು ಕತ್ತರಿಸಿ ತೆಗೆಯಿರಿ. ತೆಂಗಿನ ಸಿಪ್ಪೆಯ ತುಂಡು, ಇದ್ದಿಲು, ಹುಣಸೆಬೀಜದಷ್ಟು ಗಾತ್ರದ ಇಟ್ಟಿಗೆ ಚೂರು, ಇವುಗಳ ಜೊತೆಗೆ ಒಂದೆರಡು ಹಿಡಿ ಎರೆಹುಳು ಗೊಬ್ಬರ ಬೆರೆಸಿ, ತಳದಲ್ಲಿ ರಂಧ್ರಗಳಿರುವ ಕುಂಡದಲ್ಲಿ ನೆಡಿ. ತೆಂಗಿನ ಸಿಪ್ಪೆಯಲ್ಲಿಯೂ ಉಪ್ಪಿನಂಶ ಇರುವುದುಂಟು, ಆದ್ದರಿಂದ ಅದನ್ನು ನೆನೆಹಾಕಿ ಎರಡು ಮೂರು ಸಲ ತೊಳೆದೇ ಬಳಸಿ. ದೊಡ್ಡ ಕುಂಡ ಬೇಡ. ಬೇರಿನ ಮುದ್ದೆಗಿಂತ ಎರಡು ಬೆರಳು ಅಗಲವಾಗಿದ್ದರೆ ಸಾಕು.

ನೀರಿನ ವಿಷಯ ಇದಕ್ಕಿಂತ ಮುಖ್ಯ. ನಿಮ್ಮ ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿದ್ದರೆ ಅದು ಗಡಸು ನೀರಿನ ಲವಣ. ನೀರು ಆವಿಯಾಗಿ ಹೋದರೂ ಲವಣ ಕುಂಡದಲ್ಲೇ ಉಳಿದು ದಿನದಿಂದ ದಿನಕ್ಕೆ ಹೆಚ್ಚುತ್ತದೆ, ಬೇರು ನೀರನ್ನು ಹೀರದಂತೆ ತಡೆಯುತ್ತದೆ, ಕೊನೆಗೆ ಎಲೆಯ ತುದಿಯನ್ನು ಸುಡುತ್ತದೆ. ರಾತ್ರಿಯೆಲ್ಲ ಬಕೆಟ್ಟಿನಲ್ಲಿ ಇಟ್ಟ ನೀರು ಒಳ್ಳೆಯದೆಂದು ಹಲವರು ಹೇಳುತ್ತಾರೆ. ಅದರಿಂದ ಕ್ಲೋರಿನ್ ಹೋಗಬಹುದೇ ಹೊರತು ಲವಣ ಹೋಗುವುದಿಲ್ಲ. ಆರ್‌ಒ ಯಂತ್ರದಿಂದ ಹೊರಬೀಳುವ ನೀರನ್ನು ಗಿಡಕ್ಕೆ ಹಾಕುವ ರೂಢಿ ನಮ್ಮ ಓಣಿಯಲ್ಲಿ ಬಹಳವಿದೆ, ಆದರೆ ಯಂತ್ರ ಸೋಸಿ ತೆಗೆದ ಲವಣವೆಲ್ಲ ಆ ನೀರಿನಲ್ಲೇ ಇರುವುದರಿಂದ ಆಂಥೂರಿಯಂಗೆ ಅದನ್ನು ಖಂಡಿತ ಹಾಕಬೇಡಿ. ಶುದ್ಧವಾಗಿ ಬರುವ ನೀರನ್ನು ಹಾಕಿ. ನಾನು ಮಳೆಗಾಲದಲ್ಲಿ ಮಾಳಿಗೆಯ ನೀರನ್ನು ಮುಚ್ಚಳವಿರುವ ಎರಡು ಡ್ರಮ್ಮುಗಳಲ್ಲಿ ಹಿಡಿದಿಟ್ಟುಕೊಳ್ಳುತ್ತೇನೆ. ಐದಾರು ಕುಂಡಗಳಿಗೆ ಅದು ಬಹಳ ದಿನ ಸಾಲುತ್ತದೆ. ದಿನಾಲೂ ಹಾಕದೆ, ಮೇಲಿನ ಒಂದು ಅಂಗುಲ ಒಣಗಿದಾಗ ತಳದಿಂದ ಹರಿದು ಹೋಗುವಷ್ಟು ಹಾಕಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ.

ಹೂ ಬಾರದಿರುವುದಕ್ಕೆ ಬೆಳಕಿನ ಕೊರತೆಯೂ ಕಾರಣವಿರಬಹುದು. ಬಿಸಿಲಿಗೆ ಹೆದರಿ ಗಿಡವನ್ನು ಒಳಕೋಣೆಯ ಮೂಲೆಯಲ್ಲಿಟ್ಟರೆ ಎಲೆ ಹಸಿರಾಗಿದ್ದರೂ ಮೊಗ್ಗು ಬರುವುದಿಲ್ಲ. ಪೂರ್ವದ ಕಿಟಕಿಯಿಂದ ಎರಡು ಮೂರು ಅಡಿಯೊಳಗೆ, ಎಳೆಬಿಸಿಲು ಮಾತ್ರ ತಾಗುವಂತೆ ಇಡಿ. ಪಶ್ಚಿಮದ ಕಿಟಕಿಯಾದರೆ ತೆಳುವಾದ ಪರದೆ ಬೇಕೇ ಬೇಕು. 18ರಿಂದ 30 ಡಿಗ್ರಿಯವರೆಗಿನ ಉಷ್ಣತೆ ಈ ಗಿಡಕ್ಕೆ ಹಿತ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ದಾಟುವುದರಿಂದ ಆ ಎರಡು ತಿಂಗಳು ಅದು ಬದುಕಿ ಉಳಿದರೆ ಸಾಕೆಂದುಕೊಳ್ಳಿ. ನೀರಿನ ಕೂಲರ್ ಇರುವ ಕೋಣೆಯಲ್ಲಿ ಹವೆ ತೇವವಾಗಿರುತ್ತದೆ, ಗಿಡವನ್ನು ಅಲ್ಲಿಯೇ ಇಡಬಹುದು. ಗಾಳಿ ಮಾತ್ರ ನೇರವಾಗಿ ಬೀಸಬಾರದು. ಒಣ ಹವೆಯಲ್ಲಿ ಎಲೆಯ ಅಡಿಯಲ್ಲಿ ನುಸಿ ಸೇರುತ್ತದೆ, ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ಎರಡೂ ಬದಿ ಒರೆಸಿ.

ಹೊಸ ಎಲೆ ಬಂದ ಮೇಲೆ ಗೊಬ್ಬರ ಕೊಡಿ. ದ್ರಾಕ್ಷಿ ಬೆಳೆಗಾರರು ಬಳಸುವ, ನೀರಿನಲ್ಲಿ ಕರಗುವ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವುದು) ಲೀಟರಿಗೆ ಅರ್ಧ ಗ್ರಾಮಿನಂತೆ ಮೂರು ವಾರಕ್ಕೊಮ್ಮೆ ಹಾಕಿದರೆ ಸಾಕು, ಹೆಚ್ಚಾದರೆ ಅದೂ ಲವಣವೇ.

ಇನ್ನೊಂದು ಮಾತು: ಇದು ಕೆಸುವಿನ ಕುಟುಂಬದ ಗಿಡ, ಹಸಿ ಕೆಸುವಿನಂತೆಯೇ ಇದರ ಎಲೆ, ಕಾಂಡ ಬಾಯಿಗೆ ತಾಗಿದರೆ ತುರಿಕೆ, ಉರಿ ಬರುತ್ತದೆ, ಮಕ್ಕಳಿರುವ ಮನೆಯಾದರೆ ಎತ್ತರದಲ್ಲಿಡಿ. ಹೂವೆಂದು ನಾವು ಕರೆಯುವ ಕೆಂಪು ಭಾಗ ನಿಜವಾಗಿ ಮಾರ್ಪಟ್ಟ ಎಲೆ, ಅದರ ನಡುವಿನ ದಂಟಿನ ಮೇಲೆ ಒತ್ತಾಗಿರುವ ಸಣ್ಣ ಚುಕ್ಕೆಗಳೇ ಹೂಗಳು. ಮೊಗ್ಗು ಪ್ರತಿ ಹೊಸ ಎಲೆಯ ಬುಡದಿಂದಲೇ ಹೊರಡುವುದರಿಂದ, ಕುಂಡ ಬದಲಿಸಿದ ಮೇಲೆ ಮೂರ್ನಾಲ್ಕು ಹೊಸ ಎಲೆ ಬರುವತನಕ ಕಾಯಿರಿ, ಒಣಗಿದ ಹಳೆಯ ತುದಿಗಳು ಮತ್ತೆ ಹಸಿರಾಗುವುದಿಲ್ಲವೆಂದು ಚಿಂತಿಸಬೇಡಿ. ಹೊಸ ಎಲೆಯ ತುದಿ ಸ್ವಚ್ಛವಾಗಿ ಉಳಿದರೆ ನೀರು ಸರಿಹೋಗಿದೆ ಎಂದು ತಿಳಿಯಿರಿ.